ಮಾವನೋರನ್ನ ಕೇಳಿದ್ರಾ?

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಗೆ ಬಂದು 14 ವರ್ಷ ಆಯ್ತು. ಗಂಡ ಹೆಂಡ್ತಿ ಇಬ್ರದ್ದೂ ಇಂಡಿಯನ್ ಪಾಸ್‌ಪೋರ್ಟೇ, ಗ್ರೀನ್ ಕಾರ್ಡ್ ಇದೆ. ಮಗಳಿಗೆ 11, ಮಗನಿಗೆ 4, ಇಬ್ರೂ ಹುಟ್ಟಿದ್ದು ಇಲ್ಲೇ. ಮಗಳ ಒಸಿಐ ಕಾರ್ಡು (ವಿದೇಶಿ ಪೌರತ್ವ ಇರೋ ಭಾರತೀಯ ಮೂಲದೋರಿಗೆ ಭಾರತ ಕೊಡೋ ಕಾರ್ಡು) ಮಗುವಾಗಿದ್ದಾಗ್ಲೇ ಮಾಡಿಸಿದ್ದು, ಮಗಂದು ಹೋದ್ವರ್ಷ. ಅತ್ತೆ ತೀರ್ಕೊಂಡ್ಮೇಲೆ ಮಾವ ಪಾಂಡವಪುರದ ಹತ್ರ ಊರಲ್ಲಿ ಒಬ್ರೇ ಇದಾರೆ, ಎರಡು ಹಸು ಬೇರೆ ಕಟ್ಕೊಂಡಿದಾರೆ. ಅವರನ್ನ ನೋಡ್ಕೊಳೋಕೆ ಅಂತ ಬರೋ ಜೂನ್‌ಗೆ ಎಲ್ಲಾ ಬಿಟ್ಟು ಬಂದ್ಬಿಡೋಣ ಅಂತಾರೆ ನಮ್ಮ ಯಜಮಾನ್ರು. ಮೈಸೂರು ವಿಜಯನಗರದಲ್ಲಿ ಲಿಫ್ಟ್ ಇರೋ ಫ್ಲಾಟ್ ನೋಡಿದೀವಿ, ಮಾವನಿಗೇ ಅಂತ ಒಂದು ರೂಮಿದೆ. ದುಡ್ಡು, ಸ್ಕೂಲು, ಸಾಮಾನು, ಯಾವುದರಿಂದ ಶುರು ಮಾಡ್ಬೇಕು ಗೊತ್ತಾಗ್ತಿಲ್ಲ.

ಉತ್ತರ: ನೋಡಿಮ್ಮ, ದುಡ್ಡಿನ ವಿಷ್ಯ ಹೆದರ್ಕೊಳೋ ಅಷ್ಟೇನಿಲ್ಲ, ಮೊದ್ಲು ಅದನ್ನ ಮುಗಿಸ್ಬಿಡ್ತೀನಿ. ಹತ್ತು ವರ್ಷದಲ್ಲಿ ಒಂಬತ್ತು ವರ್ಷ ನಾನ್ ರೆಸಿಡೆಂಟ್ ಆಗಿದ್ದೋರು ವಾಪಸ್ ಬಂದ್ರೆ ಮೊದಲ ಎರಡು ವರ್ಷ, ಲೆಕ್ಕ ಕೂಡಿ ಬಂದ್ರೆ ಮೂರು ವರ್ಷ, ಆರ್‌ಎನ್‌ಒಆರ್ ಅಂತ, ಅಂದ್ರೆ ಇಲ್ಲೇ ಇದ್ರೂ ಟ್ಯಾಕ್ಸ್ ಲೆಕ್ಕಕ್ಕೆ ಪೂರ್ತಿ ನಿವಾಸಿ ಅಲ್ಲ ಅನ್ನೋ ಒಂದು ಸ್ಥಾನ ಸಿಗುತ್ತೆ, ಆ ಟೈಮಲ್ಲಿ ಅಮೆರಿಕದಲ್ಲಿ ಬರೋ ಬಡ್ಡಿ ಬಾಡಿಗೆಗೆಲ್ಲ ಇಲ್ಲಿ ಟ್ಯಾಕ್ಸ್ ಇಲ್ಲ. ಅಲ್ಲಿದು ಮಾರೋದು ಮುರಿಯೋದು ಇದ್ರೆ ಅಷ್ಟರೊಳಗೆ ಮುಗಿಸ್ಕೊಳಿ. ಆದ್ರೆ 401ಕೆ, ಅಂದ್ರೆ ಅಲ್ಲಿನ ಕೆಲಸದ ನಿವೃತ್ತಿ ಉಳಿತಾಯ, ಅದನ್ನ ಮಾತ್ರ ಮುಟ್ಬೇಡಿ, ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದ್ರೆ ಸಾಮಾನ್ಯವಾಗಿ ಟ್ಯಾಕ್ಸ್ ಮೇಲೆ ಇನ್ನೂ 10 ಪರ್ಸೆಂಟ್ ದಂಡ. ಇಲ್ಲಿಗೆ ಬಂದು ನೆಲೆಸಿದ್ಮೇಲೆ, ಹೊರದೇಶದಲ್ಲಿರೋರು ಇಲ್ಲಿನ ಬ್ಯಾಂಕಲ್ಲಿ ಇಡೋ ಎನ್‌ಆರ್‌ಇ ಅಕೌಂಟನ್ನ ಹಾಗೇ ಇಟ್ಕೊಳೋ ಹಾಗಿಲ್ಲ, ಬ್ಯಾಂಕಿಗೆ ಹೇಳಿ ರೆಸಿಡೆಂಟ್ ಅಕೌಂಟ್ ಇಲ್ಲಾ ಆರ್‌ಎಫ್‌ಸಿ (ವಾಪಸ್ ಬಂದೋರು ವಿದೇಶಿ ಹಣ ಹಾಗೇ ಇಡೋ ಅಕೌಂಟ್) ಮಾಡಿಸ್ಬೇಕು. ಎಷ್ಟೋ ಜನ ವರ್ಷಗಟ್ಲೆ ಸುಮ್ನಿದ್ದು ಆಮೇಲೆ ಆಡಿಟರ್ ಮುಂದೆ ತಲೆ ಕೆರ್ಕೋತಾರೆ. ಗ್ರೀನ್ ಕಾರ್ಡ್ ಉಳಿಸ್ಕೊಳೋ ಮನಸ್ಸಿದ್ರೆ ಅಮೆರಿಕ ಬಿಡೋಕೆ ಮುಂಚೇನೇ ರೀ ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿ, ಎರಡು ವರ್ಷ ಕೈಲಿರುತ್ತೆ, ಇಲ್ಲಿಗೆ ಬಂದು ಹಾಕೋಕಾಗಲ್ಲ. ಹಂಗಂತ ಕಾರ್ಡ್ ಇರೋವರೆಗೂ ಅಲ್ಲಿಗೂ ಟ್ಯಾಕ್ಸ್ ರಿಟರ್ನ್ ಹಾಕ್ತಿರ್ಬೇಕು, ಅದು ನೆನಪಿರ್ಲಿ.

ಸಾಮಾನು? ಪುಸ್ತಕ, ಪಾತ್ರೆ, ಮಕ್ಕಳ ಸೈಕಲ್ ತನ್ನಿ. ಅಲ್ಲಿನ ಮಿಕ್ಸಿ ಓವನ್ನೆಲ್ಲ 120 ವೋಲ್ಟಿಂದು, ಇಲ್ಲಿ 230. ನಾನು ಡಾಲಸ್‌ನಿಂದ ತಂದ ಬ್ರೆಡ್ ಮಷೀನು ಮೊದಲನೇ ದಿನಾನೇ ಢಪ್ ಅಂತು, ಈಗ ಅದರಲ್ಲಿ ನಮ್ಮನೆಯವ್ರು ಈರುಳ್ಳಿ ಇಡ್ತಾರೆ.

ಮಕ್ಕಳ ವಿಷ್ಯದಲ್ಲಿ ಯಾರೂ ಮುಂಚೆ ಹೇಳದ ಒಂದು ಮಾತಿದೆ. 2021ರ ಮಾರ್ಚ್ 4ರ ಅಧಿಸೂಚನೆ ಪ್ರಕಾರ ನೀಟ್, ಜೆಇಇ ಥರದ ಪರೀಕ್ಷೆ ಬರೆದ್ರೂ ಒಸಿಐ ಮಕ್ಕಳಿಗೆ ಎನ್‌ಆರ್‌ಐ ಸೀಟು, ಇಲ್ಲಾ ಸೂಪರ್‌ನ್ಯೂಮರರಿ (ಮಾಮೂಲಿ ಲೆಕ್ಕದ ಮೇಲೆ ಹೆಚ್ಚುವರಿಯಾಗಿ ಇಡೋ) ಸೀಟು ಮಾತ್ರ. ಆ ತಾರೀಖಿಗೆ ಮುಂಚೆ ಕಾರ್ಡ್ ತಗೊಂಡೋರಿಗೆ ಅದು ಅನ್ವಯ ಆಗಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಅಂದ್ರೆ ನಿಮ್ಮನೇಲೇ ಅಕ್ಕನಿಗೆ ಒಂದು ರೂಲು, ತಮ್ಮನಿಗೆ ಒಂದು ರೂಲು. ಈಗ್ಲೇ ತಲೆ ಕೆಡಿಸ್ಕೋಬೇಡಿ, ಗೊತ್ತಿರ್ಲಿ ಅಂತ ಹೇಳ್ದೆ. ಕನ್ನಡ ಹೆಂಗೋ ಏನೋ ಅನ್ನೋ ಭಯ ಬೇಡ, ಚಿಕ್ಕೋನು ಬೀದೀಲಿ ಎರಡು ತಿಂಗಳು ಆಡಿದ್ರೆ ಬೈಗುಳದ ಸಮೇತ ಕಲೀತಾನೆ. ದೊಡ್ಡೋಳಿಗೆ ಓದು ಬರಹ ಕಷ್ಟ ಆಗುತ್ತೆ, ಅವಳಿಗೆ ಜೂನ್‌ಗೆ ಮುಂಚೇನೇ ಅಕ್ಷರ ಶುರು ಮಾಡ್ಸಿ.

ಈಗ ಅಸಲಿ ವಿಷ್ಯಕ್ಕೆ ಬರ್ತೀನಿ. ಇಷ್ಟುದ್ದ ಕಾಗದದಲ್ಲಿ ಮಾವನಿಗೆ ರೂಮಿದೆ, ಲಿಫ್ಟಿದೆ, ಮಾವ ಏನಂದ್ರು ಅನ್ನೋದೇ ಇಲ್ಲ. ನಾನೂ ಇದೇ ತಪ್ಪು ಮಾಡ್ದೋನು. ನಮ್ಮಪ್ಪನ್ನ ಮಳವಳ್ಳಿ ಕಡೆ ಊರಿಂದ ಕುವೆಂಪುನಗರದ ಮನೆಗೆ ಕರ್ಕೊಂಡ್ಬಂದೆ. ಊರಲ್ಲಿ ಐದೂವರೆಗೆ ಹಾಲು ಕರೆದು ಡೇರಿಗೆ ಹಾಕಿ, ಅಲ್ಲೇ ಜಗಲಿ ಮೇಲೆ ಕೂತು ಯಾರ ಹಾಲಿನ ಫ್ಯಾಟ್ ಎಷ್ಟು ಬಂತು ಅಂತ ಮಾತಾಡಿ ಎಂಟು ಗಂಟೆಗೆ ಮನೆಗೆ ಬರ್ತಿದ್ದ ಮನುಷ್ಯ. ಇಲ್ಲಿ ಐದಕ್ಕೇ ಎದ್ದು ಟವೆಲ್ ಹೆಗಲ ಮೇಲೆ ಹಾಕ್ಕೊಂಡು ಗೇಟ್ ಹತ್ರ ನಿಂತ್ಕೋತಿದ್ರು. ಪ್ಯಾಕೆಟ್ ಹಾಲಿನ ಹುಡುಗ ಬಂದ್ರೆ ಅವನನ್ನೇ ಹಿಡ್ಕೊಂಡು ಮಾತು, ಅವನಿಗೆ ಇನ್ನೂ ನಲವತ್ತು ಮನೆ ಇರೋದು. ಒಂಬತ್ತನೇ ದಿನ ಯಾರಿಗೂ ಹೇಳ್ದೆ ಬನ್ನೂರು ಮೇಲೆ ಹೋಗೋ ಬಸ್ ಹತ್ತಿ ಊರಿಗೆ ಹೊರಟೋದ್ರು. ನಾವು ಗಾಬರಿಯಾಗಿ ಹುಡುಕಾಡ್ತಿದ್ರೆ ಸಾಯಂಕಾಲ ಡೇರಿ ಸೆಕ್ರೆಟರಿ ಫೋನ್ ಮಾಡಿ ‘ನಿಮ್ಮಪ್ಪಾರು ಬಂದವ್ರೆ ಕಣಣ್ಣ, ಹಸ ಬಡಕಲಾಗದೆ ಅಂತ ಎಲ್ರಿಗೂ ಬಯ್ತಾವ್ರೆ’ ಅಂದ. ಆಮೇಲೆ ಅವರನ್ನ ಅಲ್ಲೇ ಬಿಟ್ವಿ. ನಾನು ಶನಿವಾರ ಹೋಗಿ ಭಾನುವಾರ ಬರ್ತಿದ್ದೆ, ಪಕ್ಕದ ಮನೆ ಹುಡುಗನಿಗೆ ತಿಂಗಳಿಗೆ ಇಷ್ಟು ಅಂತ ಕೊಟ್ಟು ರಾತ್ರಿ ಮಲಗೋಕೆ ಇಟ್ಟಿದ್ದೆ, ಏಳು ವರ್ಷ ಚೆನ್ನಾಗೇ ಇದ್ರು.

ಅದಕ್ಕೆ ಹೇಳ್ತೀನಿ, ಫ್ಲಾಟ್‌ಗೆ ಅಡ್ವಾನ್ಸ್ ಕೊಡ್ಬೇಡಿ. ಬಾಡಿಗೆ ಮನೆ ಹಿಡೀರಿ, ವಿಜಯನಗರಕ್ಕಿಂತ ಶ್ರೀರಂಗಪಟ್ಟಣದ ರಸ್ತೆ ಕಡೆ ನೋಡಿದ್ರೆ ಪಾಂಡವಪುರ ಇನ್ನೂ ಹತ್ರ ಆಗುತ್ತೆ. ನೀವು ಮೈಸೂರಲ್ಲಿ, ಅವರು ಊರಲ್ಲಿ ಇದ್ರೂ ನ್ಯೂಜೆರ್ಸಿಗಿಂತ ಎಷ್ಟೋ ಹತ್ರ ಅಲ್ವಾ. ಇವತ್ತೇ ಫೋನ್ ಮಾಡಿ ಕೇಳಿ, ಯಜಮಾನ್ರ ಕೈಲೇ ಕೇಳ್ಸಿ. ಹಾಲು ಕರೆಯೋ ಹೊತ್ತಲ್ಲಿ ಮಾತ್ರ ಮಾಡ್ಬೇಡಿ, ಎತ್ತಲ್ಲ.