ಹಬ್ಬದ ನೆಪ ಹೇಳಿ ಮಗು ಕರ್ಕೊಂಡು ಹೊರಡೋ ಮುಂಚೆ

ನೀನು ಅಕ್ಕಾ ಅಂತ ಕರ್ದಿದೀಯ, ಹಂಗಾಗಿ ನಾನೂ ತಂಗಿ ಅಂತಾನೇ ಬರೀತೀನಿ. ಕ್ಯಾಲಿಫೋರ್ನಿಯಾಕ್ಕೆ ಬಂದು 14 ತಿಂಗಳು, ನಿಂಗೂ 3 ವರ್ಷದ ಮಗಳಿಗೂ ಎಚ್4 ವೀಸಾ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿ ಮಕ್ಕಳಿಗೆ ಸಿಗೋದು), ಗಂಡ ದಿನಾ "ಡಿವೋರ್ಸ್ ಆದ್ರೆ ನೀನು ಫ್ಲೈಟ್ ಹತ್ತು, ಮಗು ಇಲ್ಲೇ ಇರುತ್ತೆ" ಅಂತಾರೆ, ಗೌರಿ ಹಬ್ಬ ಅಂತ ಹೇಳಿ ಮಗು ಕರ್ಕೊಂಡು ದಾವಣಗೆರೆಗೆ ಹೋಗ್ಬಿಡ್ಲಾ ಅಂತ ಕೇಳಿದೀಯ.

ಬೇಡ ಕಣಮ್ಮ. ಇದೊಂದು ಮಾತ್ರ ಮಾಡ್ಬೇಡ.

ಮಗು ಕೊನೇ 6 ತಿಂಗಳು ಎಲ್ಲಿತ್ತೋ ಆ ಸ್ಟೇಟಿನ ಕೋರ್ಟೇ ಕಸ್ಟಡಿ ತೀರ್ಮಾನ ಮಾಡೋದು, ನೀನು ಊರಿಗೆ ಹೋದ್ರೂ ಗಂಡ ಇಲ್ಲಿ 6 ತಿಂಗಳೊಳಗೆ ಕೇಸ್ ಹಾಕ್ಬೋದು, ಮೇಲೆ ಮಗೂನ ಅಪ್ಪನಿಂದ ತಪ್ಪಿಸಿ ಹೊರದೇಶಕ್ಕೆ ಒಯ್ದರೆ 1993ರ ಫೆಡರಲ್ ಕಾನೂನಲ್ಲಿ 3 ವರ್ಷದ ತನಕ ಜೈಲು. ಹಿಂಗೆ ಒಯ್ದ ಮಕ್ಕಳನ್ನ ವಾಪಸ್ ಕಳ್ಸೋ ಹೇಗ್ ಒಪ್ಪಂದಕ್ಕೆ ಇಂಡಿಯಾ ಸೈನ್ ಹಾಕಿಲ್ಲ, ಊರು ಮುಟ್ಟಿದ್ರೆ ಯಾರೂ ಏನೂ ಮಾಡಕ್ಕಾಗಲ್ಲ ಅಂತ ಪಾಟ್‌ಲಕ್ ಊಟಗಳಲ್ಲಿ ಹೇಳ್ತಾರಲ್ಲ, ಅರ್ಧ ಸತ್ಯ ಅದು. ನಮ್ಮ ಸುಪ್ರೀಂ ಕೋರ್ಟ್ 2009ರಲ್ಲಿ ಒಂದು ಮಗೂನ ವಾಪಸ್ ಅಮೆರಿಕಕ್ಕೆ ಕಳ್ಸಿ ಅಂತು, 2017ರಲ್ಲಿ ಇಂಗ್ಲೆಂಡಿಂದ ಬಂದ ಇನ್ನೊಂದು ಮಗು ತಾಯಿ ಹತ್ರಾನೇ ಇರ್ಲಿ ಅಂತು. ಯಾವ ಕಡೆ ಬೀಳುತ್ತೋ ಹೇಳಕ್ಕಾಗಲ್ಲ, ಮಗು ಇಟ್ಕೊಂಡು ಆ ಜೂಜಾಡ್ತೀಯಾ?

ಈಗ ವೀಸಾ ವಿಷಯ. ಇದನ್ನ ಸುಳ್ಳು ಸಮಾಧಾನ ಮಾಡಿ ಹೇಳಲ್ಲ. ಡಿವೋರ್ಸ್ ಫೈನಲ್ ಆದ ದಿನ ನಿನ್ನ ಎಚ್4 ಹೋಗುತ್ತೆ, ಮಗಳದ್ದು ಹೋಗಲ್ಲ, ಯಾಕಂದ್ರೆ ಅವ್ಳು ಅವ್ರ ಮಗಳಾಗೇ ಇರ್ತಾಳಲ್ಲ. ಹೊಟ್ಟೆ ಉರಿಯೋ ವಿಷಯ, ಗೊತ್ತು. ಆದ್ರೆ ಕೇಸಿನ ಪೇಪರ್ ಎದುರು ಪಾರ್ಟಿ ಕೈಗೆ ಸಿಕ್ಕ ದಿನದಿಂದ ಕನಿಷ್ಠ 6 ತಿಂಗಳಾಗದೆ ಇಲ್ಲಿ ಡಿವೋರ್ಸ್ ಫೈನಲ್ ಆಗಲ್ಲ, ಅಷ್ಟ್ರಲ್ಲಿ ಸ್ಟೂಡೆಂಟ್ ವೀಸಾನೋ ಕೆಲಸದ ವೀಸಾನೋ ನೋಡ್ಕೊಬೋದು. ಆಮೇಲೆ ವೀಸಾ ಬೇರೆ, ಕಸ್ಟಡಿ ಬೇರೆ. ತಾಯಿಯ ಇಮಿಗ್ರೇಶನ್ ಸ್ಟೇಟಸ್ ನೋಡಿ ಮಗು ಕೊಡಲ್ಲ ಅನ್ನೋ ಹಂಗಿಲ್ಲ ಅಂತ ಕ್ಯಾಲಿಫೋರ್ನಿಯಾ ಕಾನೂನಲ್ಲೇ ಬರ್ದಿದೆ. ಊರಿಗೇ ಹೋಗ್ಬೇಕು ಅಂದ್ರೆ ಜಡ್ಜ್ ಹತ್ರ ಕೇಳಿ ಆರ್ಡರ್ ತಗೊಂಡು ಹೋಗು.

ಹಂಗಂತ ತಾಯಿ ಅಂದ ತಕ್ಷಣ ಮಗು ಕೊಡ್ತಾರೆ ಅಂತಾನೂ ಅನ್ಕೋಬೇಡ. ನಮ್ಮಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಅನ್ನೋ ಕಾನೂನಿದೆಯಲ್ಲ, ಇಲ್ಲಿ ಅದಿಲ್ಲ. ಇಲ್ಲಿ ನೋಡೋದು ಮಗೂಗೆ ಯಾವುದು ಒಳ್ಳೇದು, ಇಲ್ಲಿ ತನಕ ನೋಡ್ಕೊಂಡಿರೋರು ಯಾರು. ನನ್ನ ಡಿವೋರ್ಸ್ ಕೇಸ್ 2013ರಲ್ಲಿ. ಮೊದಲನೇ ಲಾಯರ್ ದುಡ್ಡು ತಗೊಂಡು "ತಾಯಿಗೇ ಸಿಗುತ್ತೆ ಬಿಡಿ" ಅಂತ ಕೂತಿದ್ದ, ಮೀಡಿಯೇಶನ್‌ಗೆ (ಕೋರ್ಟ್ ಕಡೆಯವ್ರು ಇಬ್ರನ್ನೂ ಕೂರಿಸಿ ರಾಜಿ ಮಾತಾಡ್ಸೋದು) ಹೋದ್ರೆ ಅಲ್ಲಿ ನನ್ನ ಗಂಡ ಮಗನ್ನ ದಿನಾ ಡೇಕೇರ್‌ಗೆ ಬಿಡೋದು ನಾನೇ ಅಂದ್ರು! ಮೂರು ದಿನ ಅತ್ತೆ. ಆಮೇಲೆ ಡೇಕೇರ್ ಆಂಟಿ ಹತ್ರ ಸೈನ್-ಇನ್ ಶೀಟಿನ ಕಾಪಿ ಕೇಳ್ದೆ, ನೀಲಿ ಪೆನ್ನಲ್ಲಿ ಬೆಳಿಗ್ಗೆ 8:10, 8:05, 8:15, ಪುಟದ ಮೇಲೆ ಪುಟ ನನ್ನದೇ ಸಹಿ, ಅವ್ರದ್ದು ಒಂಬತ್ತು ತಿಂಗಳಲ್ಲಿ ನಾಲ್ಕು ಸಲ. ಮುಂದಿನ ಸಲ ಆ ಮಾತೇ ಬರ್ಲಿಲ್ಲ.

ಹಂಗಾಗಿ ನೀನೂ ಒಂದು ನೋಟ್‌ಬುಕ್ ಇಡು. ಡಾಕ್ಟರ್ ಹತ್ರ ಯಾರು ಕರ್ಕೊಂಡ್ ಹೋದ್ರು, ಜ್ವರ ಬಂದಾಗ ಯಾರು ಎದ್ದಿದ್ರು, ತಾರೀಕು ಹಾಕಿ ಬರಿ, ಬೈಗುಳ ಬರೀಬೇಡ. ಮೀಡಿಯೇಶನ್‌ನಲ್ಲಿ ಹೇಳಿದ್ದು ಕೆಲವು ಕೌಂಟೀಲಿ (ನಮ್ಮ ಜಿಲ್ಲೆ ಇದ್ದಂಗೆ) ಗುಟ್ಟಾಗಿರುತ್ತೆ, ಕೆಲವು ಕಡೆ ಜಡ್ಜ್‌ಗೆ ರಿಪೋರ್ಟ್ ಹೋಗುತ್ತೆ, ನಿಮ್ಮ ಕೌಂಟೀದು ಮೊದ್ಲೇ ಕೇಳ್ಕೊ. ಗಂಡ ಕೈ ಮಾಡ್ತಾರಾ? ಅದನ್ನ ನೀನು ಬರ್ದಿಲ್ಲ, ಬರೀದೆ ಇದ್ದಿದ್ದೇ ನಂಗೆ ಯೋಚ್ನೆ. ಹಂಗೇನಾದ್ರೂ ಇದ್ರೆ ಕಥೆನೇ ಬೇರೆ, ಕಳೆದ 5 ವರ್ಷದಲ್ಲಿ ಹೊಡೆದಿದ್ದಾರೆ ಅಂತ ಕೋರ್ಟ್ ಒಪ್ಪಿದ್ರೆ ಅವ್ರಿಗೆ ಕಸ್ಟಡಿ ಸಿಗೋದು ಕಷ್ಟ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲ ಬೇ ಏರಿಯಾದಲ್ಲಿ ನಮ್ಮ ಕಡೆ ಹೆಂಗಸರಿಗೋಸ್ಕರಾನೇ 1991ರಿಂದ ಮೈತ್ರಿ ಅಂತ ಸಂಸ್ಥೆ ಇದೆ, ಫೋನ್ ಮಾಡು.

ದುಡ್ಡಿಲ್ಲ ಅಂತ ಹೆದರ್ಬೇಡ. ಪ್ರತಿ ಕೌಂಟಿ ಕೋರ್ಟಲ್ಲೂ ಲಾಯರ್ ಇಲ್ದೋರಿಗೆ ಸಹಾಯ ಮಾಡೋ ಸೆಲ್ಫ್-ಹೆಲ್ಪ್ ಸೆಂಟರ್ ಫ್ರೀ, ಆದಾಯ ಇಲ್ದೋರು ಫೀಸ್ ಮಾಫಿ ಕೇಳ್ಬೋದು, ಲಾಯರ್ ಖರ್ಚು ಗಂಡನೇ ಕೊಡ್ಲಿ ಅಂತಾನೂ ಕೇಳ್ಬೋದು. ಇನ್ನೊಂದು, ಅವ್ರು ಕೇಸ್ ಹಾಕಿ ಸಮನ್ಸ್ ನಿನ್ನ ಕೈಗೆ ಬಂದ್ರೆ ಅದರಲ್ಲೇ ಪ್ರಿಂಟ್ ಆಗಿರುತ್ತೆ, ಇನ್ನೊಬ್ಬರು ಬರೆದು ಒಪ್ಪಿಗೆ ಕೊಡದೆ ಅಥವಾ ಕೋರ್ಟ್ ಆರ್ಡರ್ ಇಲ್ಲದೆ ಇಬ್ರಲ್ಲಿ ಯಾರೂ ಮಗೂನ ಸ್ಟೇಟ್ ದಾಟಿಸ್ಬಾರ್ದು. ಅದು ಅವ್ರಿಗೂ ಅನ್ವಯ.

ಈಗ ಮಾಡ್ಬೇಕಾದ್ದು ಇಷ್ಟು. ನಾಳೆ ಅವ್ರು ಆಫೀಸಿಗೆ ಹೋದ್ಮೇಲೆ ನಿಂದು, ಮಗಳದ್ದು ಪಾಸ್‌ಪೋರ್ಟ್ ಎಲ್ಲಿದಾವೆ ನೋಡು, ಫೋಟೋ ತೆಗ್ದು ಅಮ್ಮನಿಗೆ ಕಳ್ಸು. ನಿನ್ನ ಫೋನು, ಗಂಡನ ಫೋನು ಎರಡರ ಫೋಟೋನೂ ಒಂದೇ ಅಕೌಂಟಿಗೆ ಹೋಗ್ತಿದ್ರೆ ಅದನ್ನ ಮೊದ್ಲು ಆಫ್ ಮಾಡು.