ಶಾಬ್ಲಿ ವೈನಲ್ಲಿ ಒದ್ದೆ ಬಳಪದ ವಾಸನೆ, ಕೆಟ್ಟಿದ್ಯಾ?

ಪ್ರಶ್ನೆ: ಸರ್, ಮಗಳು ಪ್ಯಾರಿಸ್‌ನಲ್ಲಿ ಓದ್ತಿದಾಳೆ, ರಜಕ್ಕೆ ಬಂದಾಗ ಶಾಬ್ಲಿ ಅನ್ನೋ ವೈಟ್ ವೈನ್ ಎರಡು ಬಾಟಲಿ ತಂದಿದ್ಲು. ಲೇಬಲ್ ಮೇಲೆ ‘ವಿಯೇಯ್ ವೀನ್ಯ’ ಅಂತಿದೆ, ಹಳೇ ಬಳ್ಳಿ ಅಂತ ಅರ್ಥವಂತೆ. ಒಂದನ್ನ ರಾತ್ರಿಯೆಲ್ಲ ಫ್ರಿಡ್ಜಲ್ಲಿಟ್ಟು ಕುಡಿದ್ವಿ. ಹಣ್ಣಿನ ರುಚಿಯೇ ಇಲ್ಲ, ಬರೀ ಹುಳಿ, ಹಿಂದೆಯೇ ಸ್ಲೇಟು ಒರೆಸಿದಾಗ ಬರತ್ತಲ್ಲ ಆ ಒದ್ದೆ ಬಳಪದ ವಾಸನೆ. ಮಗಳು ಅದನ್ನೇ ಮಿನರಲ್ ಅಂತಾರೆ, ಸುಣ್ಣದ ಕಲ್ಲಿನ ನೆಲದಿಂದ ಬರೋದು ಅಂದ್ಲು. ಕಲ್ಲಿನ ರುಚಿ ನಿಜವಾಗ್ಲೂ ವೈನಿಗೆ ಬರತ್ತಾ? ಇನ್ನೊಂದು ಬಾಟಲಿ ಹಾಗೇ ಇದೆ, ಯಾರಿಗಾದ್ರೂ ಕೊಟ್ಟುಬಿಡ್ಲಾ?
ಮೈಸೂರಿನ ಓದುಗರು

ಉತ್ತರ: ಕೊಡಬೇಡಿ, ಇಟ್ಕೊಳ್ಳಿ. ವೈನ್ ಕೆಟ್ಟಿಲ್ಲ, ನೀವು ಹೇಳಿದ ಒದ್ದೆ ಬಳಪ ಅನ್ನೋ ಮಾತಿದ್ಯಲ್ಲ, ಶಾಬ್ಲಿ ಕುಡಿಯೋರು ಹುಡುಕ್ಕೊಂಡು ಹೋಗೋದೇ ಅದನ್ನ, ಅದು ಮೊದಲ ಗುಟುಕಿಗೇ ನಿಮಗೆ ಗೊತ್ತಾಗಿದೆ.

ಮೊದಲು ಊರಿನ ಬಗ್ಗೆ. ಶಾಬ್ಲಿ ಇರೋದು ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಉತ್ತರದ ತುದೀಲಿ, ಪ್ಯಾರಿಸ್‌ನಿಂದ ಸುಮಾರು 180 ಕಿಲೋಮೀಟರ್, ಸೆರೇನ್ ಅನ್ನೋ ಸಣ್ಣ ನದಿ ದಂಡೇಲಿ. ದ್ರಾಕ್ಷಿ ಒಂದೇ, ಶಾರ್ಡನೇ. ಒಳ್ಳೇ ತೋಟಗಳ ನೆಲಕ್ಕೆ ಕಿಮ್ಮರಿಡ್ಜಿಯನ್ ಅಂತಾರೆ, ಸುಣ್ಣದ ಕಲ್ಲು ಜೇಡಿಮಣ್ಣು ಪದರ ಪದರವಾಗಿ ಕೂತಿರೋ ನೆಲ, ಸುಮಾರು 15 ಕೋಟಿ ವರ್ಷದ ಹಿಂದೆ ಅಲ್ಲಿ ಬೆಚ್ಚಗಿನ ಸಮುದ್ರ ಇತ್ತು. ಒಂದು ಹೆಂಟೆ ಎತ್ಕೊಂಡು ನೋಡಿದ್ರೆ ಅಲ್ಪವಿರಾಮದ ಆಕಾರದ ಪುಟ್ಟ ಪುಟ್ಟ ಸಿಂಪಿ ಚಿಪ್ಪುಗಳು ಕಲ್ಲಾಗಿ ಅಂಟ್ಕೊಂಡಿರತ್ತೆ. ನಮ್ಮ ಕರಾವಳೀಲಿ ಚಿಪ್ಪು ಸುಟ್ಟು ಸುಣ್ಣ ಮಾಡ್ತಿದ್ರಲ್ಲ, ಅದೇ ಚಿಪ್ಪಿನ ಸುಣ್ಣದ ಮೇಲೆ ಬಳ್ಳಿ ಬೆಳೆದಿದೆ ಅಂದ್ಕೊಳ್ಳಿ.

ಹಾಗಂತ ಆ ಚಿಪ್ಪು ಕರಗಿ ನಿಮ್ಮ ಗ್ಲಾಸಿಗೆ ಬಂದಿದೆ ಅಂತಲ್ಲ. ಇದನ್ನ ವೈನ್ ಮಾರೋರು ತುಂಬ ಸುಲಭವಾಗಿ ಹೇಳಿಬಿಡ್ತಾರೆ, ನನಗೆ ಬೇಜಾರಾಗತ್ತೆ, ಯಾಕಂದ್ರೆ ನಿಜ ಸಂಗತಿ ಅದಕ್ಕಿಂತ ಚೆನ್ನಾಗಿದೆ. ಬೇರು ಕಲ್ಲನ್ನ ಹೀರಲ್ಲ, ನೀರಲ್ಲಿ ಕರಗಿರೋ ಪೊಟ್ಯಾಸಿಯಂ, ಕ್ಯಾಲ್ಸಿಯಂ ಥರದ್ದನ್ನ ಹೀರತ್ತೆ, ಅದೂ ವೈನಿಗೆ ಬರೋ ಹೊತ್ತಿಗೆ ನಾಲಿಗೆಗೆ ಬೇರೆಯಾಗಿ ಗೊತ್ತಾಗದಷ್ಟು ಕಮ್ಮಿ. ವೇಲ್ಸ್‌ನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನ ಎಷ್ಟೋ ವರ್ಷದಿಂದ ಬರೀತಾನೇ ಇದಾರೆ. ನಿಮ್ಮ ಬಳಪವನ್ನೇ ತಗೊಳ್ಳಿ, ಅದು ಸುಣ್ಣದ ಕಲ್ಲೇ ಅಲ್ಲ, ಬೇಲೂರು ಹಳೇಬೀಡಿನ ಶಿಲ್ಪಕ್ಕೆ ಬಳಸಿರೋ ಮೆತ್ತನೆ ಕಲ್ಲಿನ ಜಾತಿಯದ್ದು, ಆದ್ರೂ ಸುಣ್ಣದ ನೆಲದ ವೈನಲ್ಲಿ ನಿಮಗೆ ಅದರ ನೆನಪಾಯ್ತು. ಕಲ್ಲಿಗೆ ಅದರದ್ದೇ ವಾಸನೆ ಅಂತ ಇರಲ್ಲ, ಮಳೆ ಬಿದ್ದಾಗ ಬರೋ ಪರಿಮಳ ಕೂಡ ಕಲ್ಲು ಮಣ್ಣಿನ ಮೇಲೆ ಕೂತಿರೋ ಎಣ್ಣೆ ಅಂಶ, ಸೂಕ್ಷ್ಮಜೀವಿ ಇವುಗಳದ್ದು.

ಹಾಗಾದ್ರೆ ಎಲ್ಲಿಂದ ಬಂತು? ಮುಖ್ಯವಾಗಿ ಚಳಿಯಿಂದ. ಅಷ್ಟು ಉತ್ತರಕ್ಕೆ ದ್ರಾಕ್ಷಿ ನಿಧಾನಕ್ಕೆ ಹಣ್ಣಾಗತ್ತೆ, ಹುಳಿ ಉಳ್ಕೊಳ್ಳತ್ತೆ, ಏಪ್ರಿಲಲ್ಲಿ ಹಿಮ ಬಿದ್ದು ಚಿಗುರು ಸುಟ್ಟು ಹೋಗೋ ಜಾಗ ಅದು, ರೈತರು ರಾತ್ರಿಯಿಡೀ ತೋಟದಲ್ಲಿ ಬೆಂಕಿ ಹಚ್ಚಿ ಕಾಯ್ತಾರೆ. ಆಮೇಲೆ ಶಾಬ್ಲಿಯಲ್ಲಿ ಹೆಚ್ಚಿನವರು ಸ್ಟೀಲ್ ಟ್ಯಾಂಕಲ್ಲೇ ಹುದುಗಿಸ್ತಾರೆ, ಓಕ್ ಪೀಪಾಯಿಯ ವೆನಿಲಾ ವಾಸನೆ ಬಂದು ಮುಚ್ಚಲ್ಲ. ಹುದುಗುವಾಗ ಗಂಧಕದ ಕೆಲವು ಸಂಯುಕ್ತಗಳು ಅತಿ ಸಣ್ಣ ಪ್ರಮಾಣದಲ್ಲಿ ಹುಟ್ಟತ್ತೆ, ಚಕಮಕಿ ಕಲ್ಲು ಉಜ್ಜಿದಾಗ ಬರೋ ಥರದ ವಾಸನೆ ವೈನಲ್ಲಿ ಬರೋದು ಅದರಿಂದ. ಹಣ್ಣಿನ ರುಚಿ ಹಿಂದೆ ಸರಿದು ಹುಳಿ ಮುಂದೆ ಬಂದಾಗ ನಮ್ಮ ಮನಸ್ಸು ಕಲ್ಲು, ಉಪ್ಪು, ಬಾವಿ ನೀರು ಅಂತ ಹೆಸರಿಡತ್ತೆ.

ನೆಲದ್ದೇನೂ ಪಾಲಿಲ್ವಾ ಅಂದ್ರೆ ಇದೆ, ಬೇಕಾದಷ್ಟಿದೆ, ಅದು ನೀರಿನ ಲೆಕ್ಕದಲ್ಲಿ. ಸುಣ್ಣದ ಕಲ್ಲು ಜಾಸ್ತಿ ಮಳೆಯನ್ನ ಕೆಳಕ್ಕೆ ಬಿಟ್ಟುಬಿಡತ್ತೆ, ನಡುವಿನ ಜೇಡಿ ಬೇಸಿಗೆಗೆ ಸ್ವಲ್ಪ ತೇವ ಕೂಡಿಡತ್ತೆ, ಬಳ್ಳಿ ಕಾಲು ನೆನೀದೆ, ಬಾಯಾರದೆ ನಿಲ್ಲತ್ತೆ. ಈ ನೆಲ ಸುಲಭದ್ದೂ ಅಲ್ಲ, ಸುಣ್ಣ ಜಾಸ್ತಿಯಾದ್ರೆ ಬೇರಿಗೆ ಕಬ್ಬಿಣ ಸಿಗಲ್ಲ, ಎಲೆ ಹಳದಿಯಾಗತ್ತೆ. ಫಿಲಾಕ್ಸೆರಾ ಅನ್ನೋ ಬೇರುಹುಳು ಬಂದ ಮೇಲೆ ಅದನ್ನ ತಡ್ಕೊಳ್ಳೋ ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟಲೇಬೇಕಾಯ್ತು, ಆಗ ಸುಣ್ಣ ತಡ್ಕೊಳ್ಳೋ ಬೇರು ಹುಡುಕೋದೇ ದೊಡ್ಡ ಪಾಡಾಯ್ತು, ಕೊನೆಗೆ 41ಬಿ ಅನ್ನೋ ಮಿಶ್ರತಳಿಯ ಥರದ ಬೇರು ಕೈ ಹಿಡೀತು.

ಹಳೇ ಬಳ್ಳಿ ಅನ್ನೋ ಮಾತಿಗೆ ಫ್ರಾನ್ಸಲ್ಲಿ ಕಾನೂನಿನ ವಯಸ್ಸಿಲ್ಲ, 30 ವರ್ಷದ್ದಕ್ಕೂ ಹಾಕ್ಬಹುದು, 70ರದ್ದಕ್ಕೂ ಹಾಕ್ಬಹುದು, ಆದ್ದರಿಂದ ಮುಂದಿನ ಸಲ ಮಗಳಿಗೆ ನೆಟ್ಟ ವರ್ಷ ಕೇಳಕ್ಕೆ ಹೇಳಿ, ಒಳ್ಳೇ ರೈತರು ಖುಷಿಯಿಂದ ಹೇಳ್ತಾರೆ. ವಯಸ್ಸಾದ ಬಳ್ಳಿ ಗೊಂಚಲು ಕಮ್ಮಿ ಬಿಡತ್ತೆ, ಬೇರು ಆಳಕ್ಕೆ ಹರಡಿರೋದ್ರಿಂದ ಬರ ಬಂದ ವರ್ಷ ಎಳೇ ಬಳ್ಳಿಯಷ್ಟು ತತ್ತರಿಸಲ್ಲ. ನನಗೆ ವ್ಯತ್ಯಾಸ ಗೊತ್ತಾಗೋದು ವಾಸನೇಲಲ್ಲ, ಬಾಯಿ ನಡುವೆ. ಎಳೇ ಬಳ್ಳಿಯ ಶಾಬ್ಲಿ ಹುಳಿ ಹೊಡೆದು ಹೊರಟುಹೋಗತ್ತೆ, ಹಳೇದು ಆ ಹುಳಿಗೆ ಒಂದು ಮೈ ಕೊಡತ್ತೆ, ನುಂಗಿದ ಮೇಲೂ ಉಪ್ಪು ನೆಕ್ಕಿದ ಹಾಗೆ ನಿಲ್ಲತ್ತೆ.

ನಿಮ್ಮ ತೊಂದರೆ ಆಗಿದ್ದು ಫ್ರಿಡ್ಜಿಂದ ಅನ್ಸತ್ತೆ. ಮನೆ ಫ್ರಿಡ್ಜ್ 4 ಡಿಗ್ರಿ ಹತ್ರ ಇರತ್ತೆ, ಅಷ್ಟು ತಣ್ಣಗಿದ್ರೆ ಪರಿಮಳ ಮುಚ್ಚಿಹೋಗಿ ಹುಳಿ ಒಂದೇ ಉಳಿಯತ್ತೆ. ಹೊರಗೆ ತೆಗೆದು ಅರ್ಧ ಗಂಟೆ ಬಿಡಿ, 10ರಿಂದ 12 ಡಿಗ್ರಿ ಸಾಕು. ಹೊಟ್ಟೆ ಅಗಲ ಇರೋ ಗ್ಲಾಸಿಗೆ ಸ್ವಲ್ಪವೇ ಹಾಕಿ, ಮೊದಲ ಗುಟುಕಿಗೆ ತೀರ್ಮಾನ ಬೇಡ, ನುಂಗಿ ಸುಮ್ನೆ ಕೂತ್ಕೊಳ್ಳಿ, ಕೆನ್ನೆ ಒಳಗೆ ನೀರೂರತ್ತಲ್ಲ, ಅದನ್ನ ಗಮನಿಸಿ. ಅಲ್ಲಿಯವರು ಹಸಿ ಸಿಂಪಿ ಜೊತೆ, ಮೇಕೆ ಹಾಲಿನ ಚೀಸ್ ಜೊತೆ ಕುಡೀತಾರೆ. ಮನೇಲಿ ನಿಂಬೆಹಣ್ಣು ತೆಂಗಿನತುರಿ ಹಾಕಿದ ಹೆಸರುಬೇಳೆ ಕೋಸಂಬರಿ, ಇಲ್ಲಾಂದ್ರೆ ಉಪ್ಪು ಅರಿಶಿನ ಸವರಿ ಹುರಿದ ಕಾಣೆ ಮೀನು ಮಾಡಿ, ಖಾರ ಮಸಾಲೆ ಬೇಡ, ಅದ್ರ ಮುಂದೆ ಈ ವೈನಿನ ಸಣ್ಣ ದನಿ ಕೇಳಲ್ಲ. ಅಲ್ಲಿವರೆಗೆ ಬಾಟಲೀನ ಅಡುಗೆಮನೆ ಅಟ್ಟದ ಮೇಲಿಡಬೇಡಿ, ಮೈಸೂರಿನ ಬೇಸಿಗೆಗೆ ಬೆಂದುಹೋಗತ್ತೆ, ಮನೇಲಿ ಎಲ್ಲಕ್ಕಿಂತ ತಂಪಿರೋ ಕತ್ತಲೆ ಮೂಲೇಲಿ ಮಲಗಿಸಿಡಿ.