ಪದವಿಯಲ್ಲಿ ಜಿಪಿಎ ಕಡಿಮೆಯಿದೆ. ಎಂಬಿಎಗೆ ಅರ್ಜಿ ಹಾಕುವ ಮೊದಲು ಹೆಚ್ಚುವರಿ ಕೋರ್ಸ್ ಮಾಡಿದರೆ ಪ್ರಯೋಜನವಿದೆಯೇ?

ಎಂಜಿನಿಯರಿಂಗ್‌ನಲ್ಲಿ 4ಕ್ಕೆ 2.7 ಜಿಪಿಎ (ಎಲ್ಲ ಗ್ರೇಡ್‌ಗಳ ಸರಾಸರಿ), ನಾಲ್ಕು ವರ್ಷದ ಕೆಲಸದ ಅನುಭವ, ಅಮೆರಿಕದ ಬಿಸಿನೆಸ್ ಸ್ಕೂಲ್‌ಗಳ ಮೇಲೆ ಕಣ್ಣು: ಕೆಲವು ಕೋರ್ಸ್ ಮಾಡಿ ಈ ಕೊರತೆಯನ್ನು ತುಂಬಿಕೊಳ್ಳಬಹುದೇ ಎಂದು ಕೇಳಿದ್ದೀರಿ. ನನ್ನ ಜಿಪಿಎ 2.8 ಇತ್ತು. ಎರಡು ಕೋರ್ಸ್ ಮುಗಿಸಿ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಆದ್ದರಿಂದ ಪ್ರಯೋಜನವಿದೆ ಎಂದೇ ಹೇಳುತ್ತೇನೆ. ಆದರೆ ಯಾವುದಕ್ಕೆ ಪ್ರಯೋಜನ ಎಂಬುದನ್ನು ತಿಳಿದುಕೊಳ್ಳದೆ ದುಡ್ಡು ಕಟ್ಟಬೇಡಿ.

ಹಳೆಯ ಜಿಪಿಎ ಬದಲಾಗುವುದಿಲ್ಲ. ಪದವಿ ಮುಗಿದ ಮೇಲೆ ಹತ್ತು ವಿಷಯಗಳಲ್ಲಿ ಎ ಗ್ರೇಡ್ ತಂದರೂ ಅದು ಆ ಸರಾಸರಿಗೆ ಸೇರುವುದಿಲ್ಲ. ಬಿಸಿನೆಸ್ ಸ್ಕೂಲ್‌ಗಳಿಗೆ ಸ್ಥಾನ ಕೊಡುವ ಯು.ಎಸ್. ನ್ಯೂಸ್ ಶ್ರೇಯಾಂಕ ಪಟ್ಟಿ ಲೆಕ್ಕಕ್ಕೆ ಹಿಡಿಯುವುದೂ ಪದವಿಯ ಜಿಪಿಎಯನ್ನೇ. ಹಾಗಾಗಿ ನಿಮ್ಮನ್ನು ಸೇರಿಸಿಕೊಂಡರೆ ಶಾಲೆಯ ಅಂಕಿ ಸ್ವಲ್ಪ ಕೆಳಗೆ ಜಗ್ಗುತ್ತದೆ. ಆ ಭಾರವನ್ನು ಕೋರ್ಸ್ ಇಳಿಸಲಾರದು. ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್‌ನ ಅಂಕವೂ ಅದೇ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದರಿಂದ ಅಲ್ಲಿ ಕೈ ಹಿಡಿಯುವುದು ಒಳ್ಳೆಯ ಜಿಮ್ಯಾಟ್ ಅಂಕ.

ಕೋರ್ಸ್ ಉತ್ತರಿಸುವುದು ಬೇರೊಂದು ಪ್ರಶ್ನೆಗೆ. ನಿಮ್ಮ ಅಂಕಪಟ್ಟಿ ನೋಡಿದ ಪ್ರವೇಶ ಸಮಿತಿಯವರ ಮನಸ್ಸಿನಲ್ಲಿ ಏಳುವ ಅನುಮಾನ ಇಷ್ಟೇ: ಮೊದಲ ಸೆಮಿಸ್ಟರ್‌ನಲ್ಲೇ ಎದುರಾಗುವ ಅಕೌಂಟಿಂಗ್, ಸಂಖ್ಯಾಶಾಸ್ತ್ರ, ಹಣಕಾಸು ವಿಷಯಗಳಲ್ಲಿ ಇವರು ದಡ ಸೇರುತ್ತಾರೆಯೇ? ಆ ಅನುಮಾನಕ್ಕೆ ಮಾತಿನ ಸಮಾಧಾನ ಸಾಲದು, ಹೊಸ ಗ್ರೇಡ್ ಬೇಕು.

ಆದ್ದರಿಂದ ಮೊದಲು ನಿಮ್ಮ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು ವಿಷಯವಾರು ಓದಿ. ನಾನು ಹಾಗೆ ಓದಿದಾಗ ಒಟ್ಟು ಜಿಪಿಎಗಿಂತ ಎರಡನೇ ವರ್ಷದ ಸಂಖ್ಯಾಶಾಸ್ತ್ರದ ಸಿ ಗ್ರೇಡ್ ಹೆಚ್ಚು ಚುಚ್ಚಿತು. ಅದನ್ನೇ ಮತ್ತೆ ತೆಗೆದುಕೊಂಡೆ, ಜೊತೆಗೆ ಎಂದೂ ಓದಿರದ ಫೈನಾನ್ಶಿಯಲ್ ಅಕೌಂಟಿಂಗ್ ಸೇರಿಸಿಕೊಂಡೆ. ನಿಮ್ಮದು ಎಂಜಿನಿಯರಿಂಗ್ ಆದ್ದರಿಂದ ಕಲನಶಾಸ್ತ್ರದಲ್ಲಿ ಗ್ರೇಡ್ ಚೆನ್ನಾಗಿಯೇ ಇದ್ದರೆ ಅದನ್ನು ಬಿಟ್ಟುಬಿಡಿ. ಮೈಕ್ರೋ ಎಕನಾಮಿಕ್ಸ್ ಯೋಚಿಸಿ. ನಾಯಕತ್ವ, ಮಾರ್ಕೆಟಿಂಗ್ ಪರಿಚಯ ಎಂಬಂಥ ಹಗುರ ಕೋರ್ಸ್‌ಗಳು ಈ ಕೆಲಸಕ್ಕೆ ಬರುವುದಿಲ್ಲ.

ಎಲ್ಲಿ ಮಾಡಬೇಕು ಎನ್ನುವುದೂ ಮುಖ್ಯ. ಪರೀಕ್ಷೆ ನಡೆದು, ಅಕ್ಷರದ ಗ್ರೇಡ್ ಸಿಕ್ಕಿ, ಅಧಿಕೃತ ಅಂಕಪಟ್ಟಿ ಬರಬೇಕು. ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಮುಂದುವರಿದ ಶಿಕ್ಷಣ ವಿಭಾಗಗಳಾದ ಯುಸಿಎಲ್‌ಎ ಎಕ್ಸ್‌ಟೆನ್ಷನ್, ಯುಸಿ ಬರ್ಕ್ಲಿ ಎಕ್ಸ್‌ಟೆನ್ಷನ್‌ನಂಥ ಕಡೆ ಇಂಥ ಕೋರ್ಸ್‌ಗಳು ಆನ್‌ಲೈನ್‌ನಲ್ಲೇ ಸಿಗುತ್ತವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆನ್‌ಲೈನ್‌ನ ‘ಕೋರ್’ ಎಂಬ ಕಾರ್ಯಕ್ರಮದಲ್ಲಿ ಬಿಸಿನೆಸ್ ಅನಾಲಿಟಿಕ್ಸ್, ಅರ್ಥಶಾಸ್ತ್ರ, ಅಕೌಂಟಿಂಗ್ ಮೂರೂ ಒಟ್ಟಿಗಿವೆ, ಆದರೆ ಅಲ್ಲಿ ಅಕ್ಷರದ ಗ್ರೇಡ್ ಬದಲು ಪಾಸ್, ಆನರ್ಸ್, ಹೈ ಆನರ್ಸ್ ಎಂಬ ದರ್ಜೆ ಸಿಗುತ್ತದೆ. ನೋಂದಣಿ ಮಾಡುವಾಗ ಗ್ರೇಡ್ ಬೇಕೋ ಬೇಡವೋ ಎಂಬ ಆಯ್ಕೆ ಬಂದರೆ ಗ್ರೇಡನ್ನೇ ಆರಿಸಿ. ಭಯದಿಂದ ಬರೀ ಪಾಸ್ ಸಾಕು ಎಂದುಕೊಂಡರೆ ನಿಮ್ಮ ಶ್ರಮಕ್ಕೆ ಸಾಕ್ಷಿಯೇ ಇರುವುದಿಲ್ಲ. ವಿಡಿಯೋ ನೋಡಿ ಪಡೆದ ಹದಿನೈದು ಪ್ರಮಾಣಪತ್ರಗಳಿಗಿಂತ ಎರಡು ಎ ಗ್ರೇಡ್‌ಗಳ ತೂಕ ಹೆಚ್ಚು.

ಇನ್ನೊಂದು ಮಾತನ್ನು ಮನಸ್ಸಿಟ್ಟು ಹೇಳುತ್ತಿದ್ದೇನೆ: ಬಿ ಬಂದರೂ ಪರವಾಗಿಲ್ಲ ಎಂಬ ಮನಸ್ಸಿನಿಂದ ಕೂರಬೇಡಿ. ಹೊಸ ಕೋರ್ಸ್‌ನಲ್ಲೂ ಬಿ ಮೈನಸ್ ಬಂದರೆ ಹಳೆಯ ಅನುಮಾನಕ್ಕೆ ನೀವೇ ಪುರಾವೆ ಒದಗಿಸಿದಂತೆ. ಅದಕ್ಕೇ ಕಚೇರಿ ಕೆಲಸದ ನಡುವೆ ಒಂದು ಬಾರಿಗೆ ಒಂದೇ ಕೋರ್ಸ್ ಸಾಕು.

ನನಗೆ ಅಕೌಂಟಿಂಗ್‌ನ ಒಂದು ರಾತ್ರಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತಾಳೆಪಟ್ಟಿಯಲ್ಲಿ (ಟ್ರಯಲ್ ಬ್ಯಾಲೆನ್ಸ್) ಸಮವಾಗಿರಬೇಕಾದ ಡೆಬಿಟ್, ಕ್ರೆಡಿಟ್ ಮೊತ್ತಗಳಲ್ಲಿ 270 ವ್ಯತ್ಯಾಸ. ಎರಡು ಸಲ ಕೂಡಿದರೂ ಅದೇ 270. ಕಾಲೇಜಿನ ದಿನಗಳಲ್ಲಾಗಿದ್ದರೆ ಪುಸ್ತಕ ಮುಚ್ಚಿ ಮಲಗುತ್ತಿದ್ದೆ. ಅಂದು ಪಠ್ಯ ತಿರುವಿದಾಗ ಒಂದು ಸೂತ್ರ ಸಿಕ್ಕಿತು: ವ್ಯತ್ಯಾಸವನ್ನು 9 ನಿಶ್ಶೇಷವಾಗಿ ಭಾಗಿಸಿದರೆ, ಎಲ್ಲೋ ಎರಡು ಅಂಕೆಗಳು ಅದಲುಬದಲಾಗಿರಬಹುದು. 270 ಅಂದರೆ 9ರ ಮೂವತ್ತು ಪಟ್ಟು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಇಳಿಯುತ್ತ ಬಂದೆ; ಬಾಡಿಗೆ ಖಾತೆಯಲ್ಲಿ 850 ಇರಬೇಕಾದಲ್ಲಿ 580 ಬರೆದಿದ್ದೆ. ತಿದ್ದಿದೆ, ಎರಡೂ ಬದಿ ತಾಳೆಯಾಯಿತು. ಮುಂದೆ ಸಂದರ್ಶನದಲ್ಲಿ “ಈಗ ಏನು ಬದಲಾಗಿದೆ” ಎಂದು ಕೇಳಿದಾಗ ಹೇಳಿದ್ದು ಇದನ್ನೇ.

ಜಿಮ್ಯಾಟ್‌ನ ಈಗಿನ ಆವೃತ್ತಿಯಲ್ಲಿ ಒಟ್ಟು ಅಂಕ 205ರಿಂದ 805. ಕ್ವಾಂಟ್ ಎಂಬ ಗಣಿತ ವಿಭಾಗದಲ್ಲಿ 45 ನಿಮಿಷಕ್ಕೆ 21 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ನಿಮ್ಮಂಥವರಿಗೆ ಒಟ್ಟು ಅಂಕದಷ್ಟೇ ಈ ವಿಭಾಗದ ಅಂಕವೂ ಮುಖ್ಯ. ಅಂಕ ಐದು ವರ್ಷ ಚಾಲ್ತಿಯಲ್ಲಿರುವುದರಿಂದ ಪರೀಕ್ಷೆಯನ್ನು ಮೊದಲೇ ಮುಗಿಸಿಕೊಂಡು ಆಮೇಲೆ ಕೋರ್ಸ್‌ಗೆ ಕೂರಬಹುದು. ನಾನು ಎರಡನ್ನೂ ಒಟ್ಟಿಗೆ ಹೊತ್ತು ನಿದ್ದೆಗೆಟ್ಟೆ.

ಅರ್ಜಿಯಲ್ಲಿ ಐಚ್ಛಿಕ ಪ್ರಬಂಧಕ್ಕೆ ಜಾಗವಿದ್ದರೆ ಕಾರಣವನ್ನು ನಾಲ್ಕೈದು ವಾಕ್ಯಗಳಲ್ಲಿ ನೇರವಾಗಿ ಬರೆಯಿರಿ. ಅನಾರೋಗ್ಯವಿತ್ತೇ, ದುಡಿಯುತ್ತ ಓದಿದಿರೇ, ಅಥವಾ ಓದಿನ ಕಡೆ ಗಮನವೇ ಇರಲಿಲ್ಲವೇ, ಇದ್ದದ್ದನ್ನು ಇದ್ದಂತೆ ಹೇಳಿ. ನನ್ನದು ಮೂರನೆಯದು, ಹಾಗೆಯೇ ಬರೆದೆ. ಅಧ್ಯಾಪಕರನ್ನು ದೂರಬೇಡಿ. ಕೊನೆಯ ವರ್ಷದಲ್ಲಿ ಗ್ರೇಡ್ ಏರಿದ್ದರೆ ಅದನ್ನು ತಪ್ಪದೆ ತೋರಿಸಿ. ಶಿಫಾರಸು ಪತ್ರ ಬರೆಯುವ ಮೇಲಧಿಕಾರಿಯ ಬಳಿ, ನೀವು ಮಾಡಿದ ಲೆಕ್ಕ, ವಿಶ್ಲೇಷಣೆಯ ಕೆಲಸವನ್ನು ಉದಾಹರಣೆ ಸಹಿತ ಬರೆಯುವಂತೆ ಕೇಳಿಕೊಳ್ಳಿ.

ಅನೇಕ ಶಾಲೆಗಳಲ್ಲಿ ಅರ್ಜಿ ಸಲ್ಲಿಸುವ ಮೊದಲ ಸುತ್ತಿನ ಗಡುವು ಸೆಪ್ಟೆಂಬರ್ ಹೊತ್ತಿಗೆ, ಎರಡನೆಯದು ಜನವರಿಯಲ್ಲಿ. ಒಂದು ಕೋರ್ಸ್‌ಗೆ ಹತ್ತು ವಾರ ಹಿಡಿದರೂ, ಒಂದರ ನಂತರ ಒಂದು ಮಾಡಲು ವರ್ಷದ ಆರಂಭದಲ್ಲೇ ಹೊರಡಬೇಕು. “ಕೋರ್ಸ್ ನಡೆಯುತ್ತಿದೆ” ಎಂದು ಬರೆಯುವುದಕ್ಕೂ ಕೈಯಲ್ಲಿ ಗ್ರೇಡ್ ಇರುವುದಕ್ಕೂ ಬಹಳ ಅಂತರವಿದೆ. ಗ್ರೇಡ್ ಪ್ರಕಟವಾದ ದಿನವೇ ಅಧಿಕೃತ ಅಂಕಪಟ್ಟಿಗೆ ಅರ್ಜಿ ಕೊಡಿ; ಅದು ಬರಲೂ ದಿನಗಳು ಹಿಡಿಯುತ್ತವೆ.